ಟೆಂಟಿನಿಂದ ಆಚೆ ಬಂದ ಇಬ್ಬರು

ಮುತ್ತನಕುಂಟೆ, ಜಿಗಣಿ
18 ಜೂನ್ 2011

ವೇಣಿ,

ನೀನು ಹೇಗಿದ್ದೀಯ ಅಂತ ಕೇಳೋಕೆ ಈ ಕಾಗದ ಬರೀತಿಲ್ಲ. ಅಮ್ಮನ ತಿಥಿಗೂ ಬರದೆ ಇದ್ದವಳ ಯೋಗಕ್ಷೇಮ ಕಟ್ಟಿಕೊಂಡು ನನಗೇನಾಗಬೇಕು. ನಿನ್ನ ಫೋನ್ ನಂಬರು ನನ್ನ ಹತ್ರ ಇಲ್ಲ. ಈ ವಿಳಾಸ ನಿನ್ನ ಪುಸ್ತಕದ ಹಿಂದಿನ ಪುಟದಲ್ಲಿ ಇತ್ತು.

ಪುಸ್ತಕ ನಮ್ಮನೆಗೂ ಬಂತು. ಲಿಖಿತಾ ಸ್ಕೂಲಿಂದ ತಂದಳು. ಐದನೇ ಕ್ಲಾಸಿನ ಮಕ್ಕಳಿಗೆಲ್ಲ ಓದೋಕೆ ಕೊಟ್ಟಿದ್ದಾರಂತೆ. ‘ಅಪ್ಪ, ಇದ್ರಲ್ಲಿ ನಮ್ಮೂರಿದೆ, ಅತ್ತೆ ಹೆಸರೂ ಇದೆ’ ಅಂತ ಕುಣಿದುಕೊಂಡು ಬಂದಳು. ನಾನೂ ಆಸೆಯಿಂದಲೇ ತೆಗೆದೆ. ಸುಳ್ಳು ಯಾಕೆ ಹೇಳಲಿ, ಮೊದಲ ಪುಟಗಳನ್ನ ಎರಡೆರಡು ಸಲ ನೋಡಿದೆ. ನಮ್ಮ ಟೆಂಟ್ ಸಿನಿಮಾ, ಮರಳಿನ ನೆಲ, ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಮೊಳಕಾಲುದ್ದದ ಮಣ್ಣಿನ ಗೋಡೆ, ಹೊರಗೆ ಹುಣಸೆಮರ, ಕಡಲೆಕಾಯಿ ಮಾರೋಳು. ಎಲ್ಲಾ ಇದ್ದ ಹಾಗೇ ಬರೆದಿದ್ದೀಯ. ಮಿಷನ್ ರೂಮಿನಲ್ಲಿ ರೀಲಿಗೆ ಬೆಂಕಿ ಹತ್ತಿಕೊಂಡಿದ್ದು, ಜನ ಚೀರಿದ್ದು, ಅದೂ ಸರಿ.

ಕೊನೆಯ ಪುಟ ನೋಡಿದೆ. ಪುಟದ ತುಂಬಾ ಒಂದೇ ಚಿತ್ರ. ಹಿಂದೆ ಹೊಗೆ, ಮುಂದೆ ಇಬ್ಬರು ಹುಡುಗಿಯರು ಕೈ ಕೈ ಹಿಡಿದುಕೊಂಡು ಆಚೆ ಬರ್ತಿದ್ದಾರೆ. ಚಿಕ್ಕವಳು ನೀನು. ದೊಡ್ಡವಳು ನಿನ್ನ ಅಕ್ಕ ಪದ್ಮ, ಎರಡು ಜಡೆ, ಹಳದಿ ಲಂಗ. ಕೆಳಗೆ ‘ಅವರು ಬದುಕಿ ಬಂದರು’ ಅಂತ ದಪ್ಪಕ್ಷರ. ರಟ್ಟಿನ ಮೇಲೆ ‘ನಿಜ ಘಟನೆ ಆಧರಿಸಿದ್ದು’ ಅಂತ ಬೇರೆ.

ಪದ್ಮ ಬದುಕಿ ಬಂದಳಾ ವೇಣಿ? ಯಾವಾಗ ಬಂದಳು? ನನ್ನ ಕಣ್ಣಿಗೆ ಬೀಳದೆ ಎಲ್ಲಿದ್ದಾಳೆ? ‘ಪದ್ಮತ್ತೆ ಈಗ ಯಾವೂರಲ್ಲಿದ್ದಾರೆ’ ಅಂತ ನನ್ನ ಮಗಳು ಕೇಳಿದಳು. ಏನು ಹೇಳಲಿ?

ಹದಿನಾಲ್ಕು ಜನ ಸುಟ್ಟುಹೋದ ಜಾಗ ಅದು. ನಿನ್ನ ಪುಸ್ತಕದಲ್ಲಿ ಒಬ್ಬರೂ ಸತ್ತಿಲ್ಲ.

ಮುನಿರಾಜು


ವೈಟ್‌ಫೀಲ್ಡ್
27 ಜೂನ್ 2011

ಮುನಿರಾಜಣ್ಣನಿಗೆ,

ಕವರಿನ ಮೇಲಿನ ಅಕ್ಷರ ನೋಡಿದಾಗಲೇ ಒಳಗೆ ಬೈಗುಳ ಇರುತ್ತೆ ಅಂತ ಗೊತ್ತಾಯ್ತು. ಫೋನ್ ನಂಬರು ಕೊಡಲ್ಲ. ಹೇಳೋದಿದ್ದರೆ ಬರೆ. ಬರೆಯುವಾಗಲಾದರೂ ಮನುಷ್ಯ ಒಂದು ಕ್ಷಣ ಯೋಚನೆ ಮಾಡ್ತಾನೆ.

ಇದು ದೊಡ್ಡವರಿಗೆ ಬರೆದ ಪುಸ್ತಕ ಅಲ್ಲ. ದೊಡ್ಡ ದೊಡ್ಡ ಅನಾಹುತಗಳಿಂದ ಪಾರಾಗಿ ಬಂದ ಮಕ್ಕಳ ಕಥೆಗಳನ್ನ ನಮ್ಮ ಪ್ರಕಾಶನ ಚಿತ್ರಕಥೆಯಾಗಿ ಹೊರತರುತ್ತೆ. ಪ್ಲೇಗು, ಚಂಡಮಾರುತ, ಭೂಕಂಪ ಆಗಿವೆ, ಮೂರಕ್ಕೂ ಚಿತ್ರ ನನ್ನದೇ. ಓದೋರು ಎಂಟರಿಂದ ಹನ್ನೆರಡು ವರ್ಷದವರು. ಕಥೆಯ ಮಗು ಸಾಯಬಾರದು ಅನ್ನೋದು ಪ್ರಕಾಶಕರ ನಿಯಮ. ನಾನು ಸಂಬಳಕ್ಕೆ ಕೆಲಸ ಮಾಡೋಳು.

ತಿಥಿಯ ವಿಷಯ ಎತ್ತಿದ್ದೀಯ. ಕೊನೆಗಾಲದಲ್ಲಿ ಅಮ್ಮ ಆಸ್ಪತ್ರೆ ಮಂಚದ ಮೇಲೆ ಮಲಗಿಕೊಂಡು ‘ಅಕ್ಕನ ಕೈ ಯಾಕೆ ಬಿಟ್ಟೆ ವೇಣಿ’ ಅಂತ ಕೇಳಿದಳು. ಮೂವತ್ತು ವರ್ಷದಲ್ಲಿ ಬಾಯಿ ಬಿಟ್ಟು ಕೇಳಿದ್ದು ಅದೊಂದೇ ಸಲ, ಕಣ್ಣಲ್ಲಿ ದಿನಾ ಕೇಳ್ತಿದ್ದಳು. ಅವತ್ತು ನೀನು ಪಕ್ಕದಲ್ಲೇ ನಿಂತಿದ್ದೆ. ‘ಬಿಡಮ್ಮ, ಎಂಟು ವರ್ಷದ ಕೂಸು ಏನು ಮಾಡೀತು’ ಅಂತ ಒಂದು ಮಾತು ನಿನ್ನ ಬಾಯಿಂದ ಬರಲಿಲ್ಲ. ಆ ಮನೆಗೆ ತಿಥಿಗೆ ಬರಬೇಕಿತ್ತಾ ನಾನು?

ಇನ್ನೊಂದು ನೆನಪಿರಲಿ. ಅವತ್ತು ಟೆಂಟಿನ ಒಳಗಿದ್ದವಳು ನಾನು. ನೀನು ಮನೆಯಲ್ಲಿದ್ದೆ. ಯಾರು ಹೇಗೆ ಆಚೆ ಬಂದರು ಅಂತ ನನಗೆ ಪಾಠ ಹೇಳಬೇಡ.

ವೇಣಿ


ಮುತ್ತನಕುಂಟೆ
9 ಜುಲೈ 2011

ವೇಣಿ,

ನಿನ್ನ ಪುಸ್ತಕ ನಮ್ಮನ್ನ ಎಲ್ಲಿ ತಂದು ನಿಲ್ಲಿಸಿದೆ ಅಂತ ಕೇಳು.

ಟೆಂಟು ಸುಟ್ಟ ಮೇಲೆ ಆ ಬಯಲು ಹಾಗೇ ಬಿದ್ದಿತ್ತು, ನಿನಗೂ ಗೊತ್ತು. ಪ್ರತಿ ಏಪ್ರಿಲ್‌ನಲ್ಲಿ ಆ ದಿನ ಬಂದಾಗ ಸತ್ತವರ ಮನೆಯವರು ಹೋಗಿ ದೀಪ ಹಚ್ಚಿ ಬರ್ತಿದ್ವಿ. ಮೂರು ವರ್ಷದ ಹಿಂದೆ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಸುತ್ತ ಕಾಂಪೌಂಡು, ಗೇಟಿಗೆ ಸೆಕ್ಯೂರಿಟಿ. ದೀಪ ಹಿಡಿದುಕೊಂಡು ಹೋದರೆ ‘ಯಾರ ಫ್ಲ್ಯಾಟಿಗೆ ಹೋಗ್ಬೇಕು’ ಅಂತ ಕೇಳ್ತಾನೆ. ನಾವು ಕೇಳಿದ್ದು ಇಷ್ಟೇ: ಒಂದು ಮೂಲೆಯಲ್ಲಿ ಸತ್ತವರ ಹೆಸರಿನ ಒಂದು ಕಲ್ಲು ನೆಡೋಕೆ ಬಿಡಿ. ವರ್ಷಗಟ್ಟಲೆ ಅಲೆದಾಡಿದ ಮೇಲೆ ಅವರ ಅಸೋಸಿಯೇಷನ್‌ನವರು ಮೊನ್ನೆ ಭಾನುವಾರ ಮಾತಿಗೆ ಕರೆದರು. ನಾನು, ಹೆಂಡತಿಯನ್ನ ಕಳೆದುಕೊಂಡ ನಲ್ಲಪ್ಪ, ಮಗ ಕೃಷ್ಣನ್ನ ಕಳೆದುಕೊಂಡ ಹನುಮವ್ವ, ಮೂರು ಜನ ಹೋದ್ವಿ.

ಕಾಫಿ ಕೊಟ್ಟರು. ಮರ್ಯಾದೆಯಾಗೇ ಮಾತಾಡಿಸಿದರು. ಆಮೇಲೆ ಆ ಸೆಕ್ರೆಟರಿ ನಿನ್ನ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟ.

‘ಸಾರ್, ನಮ್ಮ ಮಕ್ಕಳೂ ಇದನ್ನ ಓದಿದ್ದಾರೆ. ಬೆಂಕಿ ಬಿದ್ದಿದ್ದು ನಿಜ, ಒಪ್ಕೋತೀವಿ. ಆದ್ರೆ ಯಾರೂ ಸತ್ತ ಹಾಗೆ ಇದ್ರಲ್ಲಿ ಇಲ್ವಲ್ಲ. ಬರೆದವರು ನಿಮ್ಮ ಸ್ವಂತ ತಂಗಿ ಅಂತ ಕೇಳಿದೆ?’

ನಲ್ಲಪ್ಪ ಎದ್ದು ನಿಂತು ‘ನಾನೇ ಮಣ್ಣು ಮಾಡಿದ್ದೀನಿ ಸ್ವಾಮಿ ನನ್ನ ಹೆಂಡ್ತೀನ’ ಅಂದ. ಒಬ್ಬ ಹೆಂಗಸು ‘ದಿನಾ ಬೆಳಿಗ್ಗೆ ಮಕ್ಕಳು ಸಾವಿನ ಕಲ್ಲು ನೋಡ್ಕೊಂಡು ಸ್ಕೂಲ್ ಬಸ್ ಹತ್ತಬೇಕಾ’ ಅಂದಳು. ಅಲ್ಲಿಗೆ ಮೀಟಿಂಗ್ ಮುಗೀತು. ವಾಪಸ್ ಬರುವಾಗ ನಲ್ಲಪ್ಪ ನನ್ನನ್ನ ಬಿಟ್ಟು ಮುಂದೆ ಮುಂದೆ ನಡೆದು ಹೋದ.

ನೀನು ಒಳಗಿದ್ದೆ, ನಾನು ಇರಲಿಲ್ಲ, ನಿಜ. ಆದರೆ ಮಾರನೇ ಬೆಳಿಗ್ಗೆ ಅಪ್ಪನ ಜೊತೆ ಹೋಗಿ ಅವಳ ಗುರುತು ಹಿಡಿದವನು ನಾನು. ಹದಿಮೂರು ವರ್ಷ ನನಗೆ. ಅವಳು ಗಂಡಸರ ಕಡೆ, ಆ ಮಣ್ಣಿನ ಗೋಡೆಯ ಪಕ್ಕ ಬಿದ್ದಿದ್ದಳು. ಹೆಂಗಸರ ಕಡೆ ಕೂತಿದ್ದ ಹುಡುಗಿ ಅಲ್ಲಿಗೆ ಹೆಂಗೆ ಹೋದಳು ಅಂತ ಊರೆಲ್ಲ ಕೇಳಿತು. ನನಗೆ ಗೊತ್ತು ಹೆಂಗೆ ಅಂತ. ನೀನು ಕೈ ಬಿಟ್ಟು ಓಡಿದೆ, ಅವಳು ಹೊಗೆಯಲ್ಲಿ ದಿಕ್ಕು ತಪ್ಪಿ ಅತ್ತ ಹೋದಳು.

ಆ ಪುಟ ತೆಗೆಸು. ಇಲ್ಲಾ ನೀನೇ ಬಂದು ಅವರ ಮುಂದೆ ನಿಂತು ಹೇಳು.

ಮುನಿರಾಜು


ವೈಟ್‌ಫೀಲ್ಡ್
14 ಜುಲೈ 2011

ಮುನಿರಾಜಣ್ಣನಿಗೆ,

ಪುಟ ತೆಗೆಯೋಕೆ ಆಗಲ್ಲ. ಪ್ರಕಾಶಕರನ್ನ ಕೇಳಿದೆ, ಒಪ್ಪಲಿಲ್ಲ. ಬೇಕಾದರೆ ಅಸೋಸಿಯೇಷನ್‌ನವರಿಗೆ ನಾನೊಂದು ಕಾಗದ ಕೊಡ್ತೀನಿ: ಇದು ಮಕ್ಕಳ ಕಥೆ, ಆ ದಿನ ಅಲ್ಲಿ ಹದಿನಾಲ್ಕು ಜನ ತೀರಿಕೊಂಡಿದ್ದು ನಿಜ ಅಂತ. ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ. ಅಲ್ಲಿಗೆ ಬರಲ್ಲ.

ಕಲ್ಲು ಬೇಕಾಗಿದ್ದರೆ ಆ ಬಯಲನ್ನ ಊರಿನವರೇ ಮಾರುವಾಗ ಕೇಳಬೇಕಿತ್ತು. ಅವಾಗ ಸುಮ್ಮನಿದ್ದವರು ಈಗ ನನ್ನ ಒಂದು ಚಿತ್ರಕ್ಕೆ ಬೆಂಕಿ ಕಾರುತ್ತಿದ್ದೀರಿ.

ನಾನು ಕೈ ಬಿಟ್ಟೆ ಅಂತ ಬರೆದಿದ್ದೀಯ. ಅದಕ್ಕೆ ನಾನು ಉತ್ತರ ಕೊಡಲ್ಲ.

ವೇಣಿ


ಮುತ್ತನಕುಂಟೆ
2 ಆಗಸ್ಟ್ 2011

ವೇಣಿ,

ನಿನ್ನೆ ನಿಮ್ಮ ಆಫೀಸಿಗೆ ಬಂದಿದ್ದೆ. ಹೇಳಿದ್ದಾರೋ ಇಲ್ಲವೋ.

ಬೆಳಿಗ್ಗೆ ಜಿಗಣಿಯಲ್ಲಿ ಬಸ್ ಹತ್ತಿದವನು ಬೊಮ್ಮನಹಳ್ಳಿಯಲ್ಲಿ ಇಳಿದು, ಮಾರತ್ತಹಳ್ಳಿಯಲ್ಲಿ ಇನ್ನೊಂದು ಹಿಡಿದು, ಊಟದ ಹೊತ್ತಿಗೆ ತಲುಪಿದೆ. ನೀನು ರಜೆ ಅಂದರು. ಒಳ್ಳೇದೇ ಆಯ್ತು. ನಿಮ್ಮ ಮೇಡಂ ಸಿಕ್ಕಿದರು. ಒಳ್ಳೆ ಹೆಂಗಸು, ಕೂರಿಸಿ ಮಾತಾಡಿಸಿದರು. ‘ಮಕ್ಕಳು ಸಾಯಬಾರದು ಅಂತ ನಿಮ್ಮಲ್ಲಿ ನಿಯಮ ಇದೆಯಂತಲ್ಲ, ನಮ್ಮೂರಿಗೋಸ್ಕರ ಒಂದು ಸಲ ಸಡಿಲ ಮಾಡಿ’ ಅಂತ ಕೈ ಮುಗಿದೆ.

ಅವರು ನನ್ನ ಮುಖ ನೋಡಿದರು. ‘ಅಂಥ ನಿಯಮ ಇಲ್ಲವಲ್ಲ’ ಅಂದರು. ಕಪಾಟಿನಿಂದ ಆ ಪ್ಲೇಗಿನ ಪುಸ್ತಕ ತೆಗೆದು ತೋರಿಸಿದರು. ಅದರಲ್ಲಿ ಹುಡುಗನ ತಮ್ಮ ಸಾಯ್ತಾನೆ. ಚಿತ್ರ ನಿನ್ನದೇ. ‘ಟೆಂಟಿನ ಪುಸ್ತಕದ ಕೊನೆಯ ಪುಟ ವೇಣಿಯವರೇ ಬರೆದು ತಂದಿದ್ದು. ಹೀಗೇ ಆಯ್ತಾ ಅಂತ ಎರಡು ಸಲ ಕೇಳಿದ್ವಿ. ಹೀಗೇ ಆಗಿದ್ದು ಅಂದರು. ನಾವು ಸಂತೋಷಪಟ್ಟೆವು’ ಅಂದರು. ಪುಟ ಬದಲಾಯಿಸಿ ಅಂತ ನೀನು ಅವರನ್ನ ಕೇಳೇ ಇಲ್ಲವಂತೆ.

ಆ ಹೆಂಗಸಿನ ಮುಂದೆ ನನಗಾದ ಅವಮಾನ ಪಕ್ಕಕ್ಕಿರಲಿ. ನಿಯಮ ಅಂದೆ, ಪ್ರಕಾಶಕರು ಅಂದೆ, ಸಂಬಳ ಅಂದೆ. ಎಲ್ಲಾ ನಿನ್ನದೇ ಕಟ್ಟುಕಥೆ. ಈಗ ಅರ್ಥ ಆಯ್ತು ಬಿಡು. ಅಕ್ಕನ ಕೈ ಬಿಟ್ಟು ಓಡಿದವಳು, ಕೈ ಹಿಡಿದ ಹಾಗೆ ಚಿತ್ರ ಬರೆದುಕೊಂಡು ಸಮಾಧಾನ ಮಾಡಿಕೊಂಡಿದ್ದೀಯ. ಅದನ್ನ ಊರ ಮಕ್ಕಳಿಗೆಲ್ಲ ಹಂಚಿದ್ದೀಯ.

ಲಿಖಿತಾಗೆ ಇವತ್ತು ಸಂಜೆ ನಿಜ ಹೇಳ್ತೀನಿ. ನಿಮ್ಮತ್ತೆ ಅಕ್ಕನ್ನ ಬೆಂಕಿಯಲ್ಲಿ ಬಿಟ್ಟು ಓಡಿ ಬಂದವಳು ಅಂತ.

ಮುನಿರಾಜು


ವೈಟ್‌ಫೀಲ್ಡ್
5 ಆಗಸ್ಟ್ 2011
ರಿಜಿಸ್ಟರ್ಡ್ ಪೋಸ್ಟ್

ಅಣ್ಣ,

ಲಿಖಿತಾಗೆ ಏನಾದರೂ ಹೇಳಿಕೋ. ಮೊದಲು ಇದನ್ನ ಓದು. ನಿನಗೆ ನಿಜ ಬೇಕು ತಾನೆ?

ಅವತ್ತು ಮಧ್ಯಾಹ್ನ ದನ ತಪ್ಪಿಸಿಕೊಂಡಿದ್ದಕ್ಕೆ ಅಪ್ಪ ನಿನ್ನ ಬೆನ್ನು ಬಾಸುಂಡೆ ಬರೋ ಹಾಗೆ ಹೊಡೆದು, ಸಿನಿಮಾಕ್ಕೆ ಹೋಗಕೂಡದು ಅಂದಿದ್ದರು. ನಾವಿಬ್ಬರೂ ಹೊರಡುವಾಗ ನೀನು ಜಗಲಿ ಹತ್ರ ಪದ್ಮಕ್ಕನ ಕಿವಿಯಲ್ಲಿ ಏನೋ ಹೇಳಿದೆ. ನನಗೆ ಕೇಳಿಸಲಿಲ್ಲ. ಅವಳು ನಕ್ಕಳು.

ಬೆಂಕಿ ಕಂಡ ತಕ್ಷಣ ಅಕ್ಕ ನನ್ನ ರಟ್ಟೆ ಹಿಡಿದು ಎಳೆದಳು. ಬಾಗಿಲ ಕಡೆ ಜನ ಒಬ್ಬರ ಮೇಲೊಬ್ಬರು ಬೀಳ್ತಿದ್ದರು. ಅವಳು ಆ ಕಡೆ ಹೋಗಲೇ ಇಲ್ಲ. ಪಕ್ಕದ ತಡಿಕೆ ಗೋಡೆಯನ್ನ ಕಾಲಲ್ಲಿ ಒದ್ದು, ಸಂದಿಯಲ್ಲಿ ನನ್ನ ತಲೆ ತೂರಿಸಿ, ಆಮೇಲೆ ತಾನೂ ಬಂದಳು. ಇಬ್ಬರೂ ಆಚೆ ಬಂದ್ವಿ. ಕೈ ಹಿಡಿದುಕೊಂಡೇ ಓಡಿ ಹುಣಸೆಮರದ ಕೆಳಗೆ ನಿಂತ್ವಿ. ನಾನು ಬರೆದ ಕೊನೆಯ ಪುಟ ಅದೇ. ಅದರಲ್ಲಿ ಒಂದು ಗೆರೆಯೂ ಸುಳ್ಳಲ್ಲ.

ಆಗ ಅವಳು ತಿರುಗಿ ಗಂಡಸರ ಕಡೆ ನೋಡಿದಳು. ಅಲ್ಲಿ ಇನ್ನೂ ಸೂರು ಬಿದ್ದಿರಲಿಲ್ಲ.

‘ಅಯ್ಯೋ, ಅಣ್ಣ ಒಳಗವನೆ’ ಅಂದಳು.

‘ಅಣ್ಣ ಬಂದಿಲ್ಲ ಕಣಕ್ಕ, ಅಪ್ಪ ಬೇಡ ಅಂದವ್ರಲ್ಲ’ ಅಂದೆ.

‘ಬಂದಿರ್ತಾನೆ ಕಣೇ. ಇಂಟರ್ವಲ್ ಆದ್ಮೇಲೆ ಇಂದ್ಗಡೆಯಿಂದ ನುಸುಳ್ಕಂಡು ಬತ್ತೀನಿ, ಯಾರ್ಗೂ ಏಳ್ಬೇಡ ಅಂದವ್ನೆ. ನೀನಿಲ್ಲೇ ಕೂತಿರು.’

ನಾನು ಅವಳ ಕೈ ಬಿಡಲಿಲ್ಲ ಅಣ್ಣ. ಅವಳೇ ನನ್ನ ಬೆರಳು ಒಂದೊಂದಾಗಿ ಬಿಡಿಸಿಕೊಂಡು ಹೋದಳು. ‘ಅಣ್ಣಾ, ಅಣ್ಣಾ’ ಅಂತ ಕೂಗಿಕೊಂಡು ಹೋದಳು. ಅವಳು ಗಂಡಸರ ಕಡೆ ಹೆಂಗೆ ಸಿಕ್ಕಿದಳು ಅಂತ ಊರೆಲ್ಲ ಕೇಳಿತಲ್ಲ, ಹಿಂಗೆ.

ಆಮೇಲೆ ಸೂರು ಕುಸೀತು. ಅದಾದ ಎಷ್ಟೋ ಹೊತ್ತಿನ ಮೇಲೆ ನೀನು ಊರ ಕಡೆಯಿಂದ ಓಡಿ ಬಂದೆ. ತಲೆಯಲ್ಲಿ ಹುಲ್ಲು ಸಿಕ್ಕಿಕೊಂಡಿತ್ತು, ಕಣ್ಣಲ್ಲಿ ನಿದ್ದೆ ಇತ್ತು. ನೀನು ಬಂದೇ ಇರಲಿಲ್ಲ.

ಅಪ್ಪ ನನ್ನನ್ನ ಹಿಡಿದು ಅಲ್ಲಾಡಿಸಿ ‘ಅಕ್ಕ ಎಲ್ಲೇ’ ಅಂದಾಗ ನೀನು ಅವರ ಹಿಂದೆ ನಿಂತಿದ್ದೆ. ದನ ತಪ್ಪಿಸಿಕೊಂಡಿದ್ದಕ್ಕೆ ಆ ಪಾಟಿ ಹೊಡೆದವರು ಇದಕ್ಕೆ ನಿನ್ನನ್ನ ಉಳಿಸ್ತಿದ್ದರಾ? ಅದಕ್ಕೆ ಸುಮ್ಮನಾದೆ. ನಾನೇ ಅವಳನ್ನ ಬಿಟ್ಟು ಬಂದೆ ಅಂತ ಎಲ್ಲರೂ ತಿಳಿದುಕೊಂಡರು. ತಿಳಿದುಕೊಳ್ಳಲಿ ಅಂತ ಬಿಟ್ಟೆ.

ಇದೆಲ್ಲ ಪ್ರೀತಿ ಅಂದುಕೊಳ್ಳಬೇಡ. ಮೊದಲು ಪ್ರೀತಿಯೇ ಇತ್ತು. ಬರ್ತಾ ಬರ್ತಾ ಅದು ಬೇರೇನೋ ಆಯ್ತು. ನೀನು ಉಣ್ಣೋದು, ನಗೋದು, ಮದುವೆ ಮಾಡಿಕೊಂಡಿದ್ದು, ಅಮ್ಮನ ಕಣ್ಣಲ್ಲಿ ಒಳ್ಳೆ ಮಗ ಅನ್ನಿಸಿಕೊಂಡಿದ್ದು ಎಲ್ಲಾ ನೋಡ್ತಾ ಕೂತೆ. ಆಸ್ಪತ್ರೆಯಲ್ಲಿ ಅಮ್ಮ ಕೇಳಿದಾಗ ಬಾಯಿ ತುದಿಗೆ ಬಂದಿತ್ತು. ನೀನು ಒಂದೇ ಒಂದು ಮಾತು ನನ್ನ ಪರವಾಗಿ ಆಡ್ತೀಯೇನೋ ಅಂತ ಕಾದೆ. ನೀನು ಆಡಲಿಲ್ಲ. ನಾನೂ ಹೇಳಲಿಲ್ಲ. ಅಮ್ಮ ಹಾಗೇ ಹೋದಳು.

ನಿಯಮ ಅಂತ ಸುಳ್ಳು ಹೇಳಿದೆ, ಹೌದು. ಆ ಪುಟಕ್ಕೇ ಪುಸ್ತಕ ನಿಲ್ಲಿಸಿದೆ, ಹೌದು. ಮುಂದಿನ ಪುಟ ಬರೆದಿದ್ದರೆ ಅದರಲ್ಲಿ ನೀನಿರ್ತಿದ್ದೆ.

ತಗೋ. ಕೇಳಿದ್ದೆಯಲ್ಲ.

ವೇಣಿ


ವೈಟ್‌ಫೀಲ್ಡ್
20 ನವೆಂಬರ್ 2011

ಅಣ್ಣ,

ಕಾಗದ ನಿನಗೆ ತಲುಪಿದೆ. ನಿನ್ನ ಸಹಿ ಇರೋ ರಿಜಿಸ್ಟರ್ಡ್ ಪೋಸ್ಟಿನ ಕಾರ್ಡು ವಾಪಸ್ ಬಂತು. ಮೂರು ತಿಂಗಳಾಯ್ತು. ನಾನು ಹೇಳಿದ್ದನ್ನ ನಂಬಿಲ್ಲವೋ, ನಂಬಿ ನನ್ನ ಮುಖ ನೋಡೋದೇ ಬೇಡ ಅಂದುಕೊಂಡೆಯೋ ಗೊತ್ತಿಲ್ಲ. ನಿನ್ನ ಬೈಗುಳಕ್ಕೆ ಅಭ್ಯಾಸ ಆಗಿತ್ತು. ಈ ಮೌನ ನನಗೆ ಓದೋಕೆ ಬರ್ತಿಲ್ಲ.

ಪುಸ್ತಕ ಎರಡನೇ ಸಲ ಅಚ್ಚಾಗ್ತಿದೆ. ಮೇಡಂಗೆ ಎಲ್ಲಾ ಹೇಳಿದೆ. ಒಂದು ಗಂಟೆ ಬೈದರು, ಆಮೇಲೆ ಎಂಟು ಪುಟ ಹೆಚ್ಚಿಗೆ ಕೊಟ್ಟರು. ಅಕ್ಕ ತಿರುಗಿ ಒಳಗೆ ಹೋದದ್ದನ್ನ ಬರೆದಿದ್ದೀನಿ. ಸತ್ತವರ ಹೆಸರುಗಳೂ ಇರುತ್ತವೆ. ನಿನ್ನ ಹೆಸರು ಹಾಕಿಲ್ಲ. ‘ಅವಳು ಯಾರನ್ನೋ ಹುಡುಕಿಕೊಂಡು ಒಳಗೆ ಹೋದಳು’ ಅಂತಷ್ಟೇ ಇದೆ. ಬೇಡ ಅನ್ನೋದಿದ್ದರೆ ಡಿಸೆಂಬರ್ ಒಳಗೆ ತಿಳಿಸು.

ವೇಣಿ


(ಅಂಚೆ ಕಾರ್ಡು)

ಮುತ್ತನಕುಂಟೆ
3 ಡಿಸೆಂಬರ್ 2011

ಯಾರನ್ನೋ ಅಲ್ಲ, ಅಣ್ಣನ್ನ. ಹೆಸರು ಹಾಕು.

ಮುನಿರಾಜು


ಮುತ್ತನಕುಂಟೆ
24 ಏಪ್ರಿಲ್ 2012

ವೇಣಿ,

ಪುಸ್ತಕ ತಲುಪಿ ತಿಂಗಳಾಯ್ತು. ಇವತ್ತು ಬರೆಯೋಕೆ ಕೂತಿದ್ದೀನಿ.

ನಾನು ಅವಳ ಕಿವಿಯಲ್ಲಿ ಹೇಳಿದ್ದು ನಿಜ. ನೀನು ಬರೆಯೋ ತನಕ ನೆನಪೇ ಇರಲಿಲ್ಲ ಅಂದರೆ ನಂಬ್ತೀಯೋ ಇಲ್ಲವೋ. ಏಟು ತಿಂದ ಹುಡುಗ ಜಂಭಕ್ಕೆ ಹೇಳಿದ ಮಾತು ಅದು. ನೀವು ಹೋದ ಮೇಲೆ ಕೊಟ್ಟಿಗೆಯ ಹುಲ್ಲಿನ ಮೇಲೆ ಬಿದ್ದುಕೊಂಡು ಅತ್ತೆ, ಹಾಗೇ ನಿದ್ದೆ ಬಂತು. ನಿನ್ನ ಕಾಗದ ಓದಿದ ಮೇಲೆ ಎಷ್ಟೋ ದಿನ ಆ ಹುಲ್ಲಿನ ವಾಸನೆ ಮೂಗಿನಿಂದ ಹೋಗಲಿಲ್ಲ. ಹೆಂಡತಿ ಡಾಕ್ಟರ ಹತ್ರ ಕರೆದುಕೊಂಡು ಹೋದಳು. ಏನಂತ ಹೇಳಲಿ ಅವರಿಗೆ.

ನಿನ್ನ ಮೇಲಿನ ಸಿಟ್ಟು ಇಳಿದಿದೆ ಅಂದುಕೊಳ್ಳಬೇಡ. ಅವತ್ತು ನೀನು ಕೂಸು, ಅವತ್ತಿಂದು ಬಿಡು. ನನಗೆ ಇಪ್ಪತ್ತಾಯ್ತು, ಮೂವತ್ತಾಯ್ತು, ಅಪ್ಪ ಹೋದರು. ಆವಾಗ ಹೇಳಬಹುದಿತ್ತು. ನನಗೆ ತಡೆಯೋ ಶಕ್ತಿ ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡೋಕೆ ನೀನ್ಯಾರು? ಅಮ್ಮನ ಕಾಲು ಹಿಡಿದು ‘ವೇಣಿ ಅಲ್ಲಮ್ಮ, ನಾನು’ ಅನ್ನೋ ಅವಕಾಶ ನನಗೆ ಇತ್ತು. ಅದನ್ನ ನೀನು ಕಿತ್ತುಕೊಂಡೆ. ನಿನ್ನ ಪರವಾಗಿ ನಾನೊಂದು ಮಾತಾಡಲಿಲ್ಲ ಅಂದೆಯಲ್ಲ, ಅದೂ ನಿಜ. ಎರಡೂ ಇದ್ದ ಹಾಗೇ ಇರಲಿ.

ಹೊಸ ಪುಸ್ತಕ ತೆಗೆದುಕೊಂಡು ಮತ್ತೆ ಆ ಅಸೋಸಿಯೇಷನ್ ಮೀಟಿಂಗಿಗೆ ಹೋದೆ. ನಲ್ಲಪ್ಪ ಬರಲ್ಲ ಅಂದ, ಬಲವಂತ ಮಾಡಿ ಕರೆದುಕೊಂಡು ಹೋದೆ. ಹನುಮವ್ವನೂ ಬಂದಳು. ಆ ಎಂಟು ಪುಟ ನಾನೇ ನಿಂತು ಓದಿದೆ. ಕೊನೆಯಲ್ಲಿ ‘ಇದ್ರಲ್ಲಿ ಹೆಸರಿರೋ ಆ ಅಣ್ಣ ನಾನೇ, ಅವಳು ವಾಪಸ್ ಒಳಗೆ ಹೋಗಿದ್ದು ನನಗೋಸ್ಕರ, ನಾನು ಅಲ್ಲಿರಲಿಲ್ಲ’ ಅಂದೆ. ಸೆಕ್ರೆಟರಿ ನೀರು ತರಿಸಿಕೊಟ್ಟ. ಯಾರೂ ಸ್ಕೂಲ್ ಬಸ್ಸಿನ ಮಾತೆತ್ತಲಿಲ್ಲ.

ಆದರೂ ಒಳಗೆ ಬಿಡಲಿಲ್ಲ, ನೋಡು. ‘ಗೇಟಿನ ಆಚೆ, ಟ್ರಾನ್ಸ್‌ಫಾರ್ಮರ್ ಪಕ್ಕ ಬೇಕಾದ್ರೆ ನೆಟ್ಕೊಳ್ಳಿ, ನಮ್ಮ ಅಭ್ಯಂತರ ಇಲ್ಲ’ ಅಂದರು. ಅವರದಲ್ಲದ ಜಾಗಕ್ಕೆ ಅವರ ಅಪ್ಪಣೆ! ನಲ್ಲಪ್ಪ ಕೂಗಾಡಿದ. ನಾನು ಹೂ ಅಂದೆ. ನಿನ್ನೆ ಕಲ್ಲು ನೆಟ್ಟ್ವಿ.

ಈಗ ಇದನ್ನ ಗಮನ ಇಟ್ಟು ಓದು.

ಪೂಜೆ ಆದ ಮೇಲೆ ಹನುಮವ್ವ ನನ್ನ ತೋಳು ಹಿಡಿದುಕೊಂಡಳು. ಅವಳ ಕೃಷ್ಣನಿಗೆ ಆಗ ಒಂಬತ್ತು ವರ್ಷ, ಗಂಡಸರ ಕಡೆ ಒಬ್ಬನೇ ಕೂತಿದ್ದ. ‘ಮುನಿರಾಜು, ಒಂದ್ ಮಾತ್ ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡ’ ಅಂದಳು. ‘ಪದ್ಮ ಆ ಕಡೀಕೆ ಓದ್ಲಲ್ಲ. ನೀನ್ ಸಿಗದೇ ಇದ್ಮ್ಯಾಕೆ ನಮ್ ಕೃಷ್ಣನ್ ತಾವ್ಕೆ ಓಗಿರ್ತಾಳೆ, ಅಲ್ವಾ? ನನ್ ಮಗ ಒಬ್ನೇ ಇರ್ಲಿಲ್ಲ, ಅಲ್ವಾ?’

ಬೆಂಕಿ ಬಿದ್ದ ಮಾರನೇ ಬೆಳಿಗ್ಗೆ ಅಪ್ಪನ ಹಿಂದೆ ಹೋದಾಗ ನಾನು ನೋಡಿದ್ದೀನಿ ವೇಣಿ. ಪದ್ಮ ಮಣ್ಣಿನ ಗೋಡೆಯ ಹತ್ರ ಇದ್ದಳು. ಕೃಷ್ಣ ಪರದೆಯ ಕೆಳಗಿದ್ದ. ನಡುವೆ ಅಷ್ಟಗಲದ ಟೆಂಟು ಇತ್ತು.

‘ಹೂಂ ಹನುಮವ್ವ. ಅವ್ನ ಪಕ್ಕದಲ್ಲೇ ಇದ್ಲು. ನಾನೇ ನೋಡಿದ್ದೀನಿ’ ಅಂದೆ.

ಅವಳು ಅಲ್ಲೇ ಕಲ್ಲಿನ ಪಕ್ಕ ಕೂತುಬಿಟ್ಟಳು. ತುಂಬಾ ಹೊತ್ತು ಅತ್ತಳು. ಆಮೇಲೆ ಸೆರಗಲ್ಲಿ ಮುಖ ಒರೆಸಿಕೊಂಡು, ‘ಕಿರಿ ತಂಗಿ ಯಾವಾಗ್ ಬತ್ತಾಳೆ? ಅವ್ಳೂ ಅಲ್ಲೇ ಇದ್ಲಲ್ಲ, ಅವಳ್ನೂ ಒಂದ್ ಮಾತ್ ಕೇಳ್ಬೇಕು’ ಅಂದಳು.

ನೀನು ಬಂದ ದಿನ ಕೇಳೇ ಕೇಳ್ತಾಳೆ. ಹೌದು ಅನ್ನು.

ಮುನಿರಾಜು